ಗಾಜಿನ ದೋಣಿಯ ಚಾದರದಕ್ಕ

ದ್ವೀಪದಲ್ಲಿ ಅವಳನ್ನು ಎಲ್ಲರೂ ಚಾದರದಕ್ಕ ಎಂದೇ ಕರೆಯುತ್ತಿದ್ದರು. ದೋಣಿ ಹಿಡಿಯುವ ಮೊದಲು ಅವಳು ಕಡಲಂಚಿನ ದೊಡ್ಡ ಹೋಟೆಲಿನ ಹಿತ್ತಲಲ್ಲಿ ಹಾಸಿಗೆಯ ಚಾದರ ಒಗೆಯುತ್ತಿದ್ದಳು. ರಜೆಗೆ ಬಂದವರು ಮಲಗಿ ಎದ್ದುಹೋದ ಚಾದರಗಳು. ಮಡಿಕೆ ಬಿಚ್ಚಿದರೆ ಮರಳು ಉದುರುತ್ತಿತ್ತು, ಬಿಸಿಲು ತಾಗದಂತೆ ಮೈಗೆ ಹಚ್ಚಿಕೊಂಡ ಎಣ್ಣೆಯ ಕಲೆ ಕಾಣುತ್ತಿತ್ತು, ಒಮ್ಮೊಮ್ಮೆ ಒಂದು ಪುಟ್ಟ ಚಿಪ್ಪೂ ಸಿಗುತ್ತಿತ್ತು. ದ್ವೀಪದಲ್ಲಿ ನೋಡಲು ಏನೇನಿದೆ ಎಂದು ಅವಳಿಗೆ ಗೊತ್ತಾದದ್ದು ಚಾದರ ಬದಲಿಸುವ ಹೆಂಗಸರ ಬಾಯಿಂದ. ಬೆಳಗಿನ ಹೊತ್ತು ದೀಪಸ್ತಂಭ ಹತ್ತಬೇಕಂತೆ, ಹಕ್ಕಿಬಂಡೆಗೆ ಹೋದರೆ ತಲೆ ಮೇಲೆ ಕೊಡೆ ಹಿಡಿಯಬೇಕಂತೆ, ನೀರು ಇಳಿದಾಗ ಮಾತ್ರ ತಲೆ ಎತ್ತುವ ಮರಳದಿಣ್ಣೆಯ ಮೇಲೆ ನಿಂತರೆ ಸುತ್ತಲೂ ಕಡಲೇ ಕಡಲಂತೆ. ಅಲ್ಲೇ ಹುಟ್ಟಿ ಬೆಳೆದವಳು ಇದ್ಯಾವುದನ್ನೂ ನೋಡಿರಲಿಲ್ಲ. ನೋಡಲು ಪುರುಸೊತ್ತು ಎಲ್ಲಿತ್ತು?

ಅವಳ ಗಂಡನಿಗೆ ಜನ ಇಟ್ಟ ಹೆಸರು ಮುಳುಗಣ್ಣ. ಅವನು ಕಡಲ ತಳಕ್ಕೆ ಮುಳುಗಿ ಚಿಪ್ಪು ಹೆಕ್ಕುತ್ತಿದ್ದ. ಕೊನೆಗೆ ಅದು ಸಾಕೆಂದು ಬಿಟ್ಟು, ತಳದಲ್ಲಿ ಮಂಚದಗಲದ ಗಾಜು ಕೂರಿಸಿದ ಹಳೆಯ ದೋಣಿಯೊಂದನ್ನು ಕೊಂಡು ಪ್ರವಾಸಿಗರಿಗೆ ಹವಳ ತೋರಿಸತೊಡಗಿದ. ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಯಾರದೋ ಲಂಗರು ಆಳದ ಬಂಡೆಗೆ ಸಿಕ್ಕಿಕೊಂಡಿತೆಂದು ಬಿಡಿಸಲು ಮುಳುಗಿದವನು ಉಸಿರು ಕಟ್ಟಿ ಗಡಿಬಿಡಿಯಲ್ಲಿ ಮೇಲೆ ಬಂದ. ಎರಡೂ ಕಿವಿಯಿಂದ ರಕ್ತ. ಅಂದಿನಿಂದ ಅವನಿಗೆ ಕಿವಿ ಕೇಳಿಸಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ನೆಲ ತಿರುಗುವುದು. ಗಟ್ಟಿ ನೆಲದ ಮೇಲೆ ಕೋಲು ಹಿಡಿದು ಹೇಗೋ ನಡೆಯುತ್ತಿದ್ದ, ದೋಣಿಗೆ ಕಾಲಿಟ್ಟರೆ ಆಕಾಶ ಕೆಳಗೆ, ನೀರು ಮೇಲೆ. ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡು, "ಇನ್ನು ನನ್ನ ಹೆಣಾನೂ ದೋಣಿ ಹತ್ತಲ್ಲ" ಎಂದು ಊರಿಗೇ ಕೇಳಿಸುವಂತೆ ಕೂಗಿದ್ದ. ಕಿವುಡನಾದ ಮೇಲೆ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು.

ಹೀಗೆ ದೋಣಿ ಚಾದರದಕ್ಕನ ಕೈಗೆ ಬಂತು. ಅವಳು ಒಳಗಡಲಿನಲ್ಲಿ ದೋಣಿ ಓಡಿಸಲು ಕಲಿಯುವಾಗ ಗಂಡ ದಂಡೆಯ ಮೇಲೆ ಕೂತು ಕೋಲೆತ್ತಿ ಎಡಕ್ಕೆ ಬಲಕ್ಕೆ ಎಂದು ಸನ್ನೆ ಮಾಡುತ್ತಿದ್ದ. ಹವಳದ ದಿಬ್ಬ ದ್ವೀಪದ ಮುಂದೆ ಬೇಲಿಯಂತೆ ಬಾಗಿ ನಿಂತಿದೆ. ಅದರಾಚೆ ದೊಡ್ಡ ಕಡಲು. ಈಚೆ ಇರುವ ತಿಳಿನೀರೇ ಒಳಗಡಲು. ಎಲ್ಲಿ ಬಂಡೆ, ಎಲ್ಲಿ ನೀರಡಿಯ ಹುಲ್ಲು, ಬೇಲಿ ಎಲ್ಲಿ ಬಾಯಿ ಬಿಟ್ಟಿದೆ ಎಂಬುದೆಲ್ಲ ಮುಳುಗಣ್ಣನಿಗೆ ಅಂಗೈ ಗೆರೆಯಷ್ಟು ಪರಿಚಯ. ಅವಳಿಗೆ ಅಷ್ಟು ಬರಲಿಲ್ಲ. ಬಂದಷ್ಟರಲ್ಲಿ ಸಂಭಾಳಿಸುತ್ತಿದ್ದಳು.

ಜೆಟ್ಟಿಯ ದೋಣಿಯವರಿಗೆ ಅವಳು ಬಂದದ್ದು ನಗೆಪಾಟಲಾಗಿತ್ತು. ಅವರ ಮುಖಂಡನನ್ನು ಎಲ್ಲರೂ ಕಪ್ತಾನ ಎನ್ನುತ್ತಿದ್ದರು. ಹಡಗಿನ ಮುಖ ನೋಡಿದವನಲ್ಲ, ಆದರೆ ಬಿಳಿ ಟೋಪಿ ಇತ್ತು, ಜೋರು ಬಾಯಿ ಇತ್ತು.

ಆ ದಿನ ಬೆಳಿಗ್ಗೆಯೂ ಅವನು ಪ್ರವಾಸಿಗರ ಎದುರಿಗೇ ಕೆಣಕಿದ. "ಆ ದೋಣೀಲಿ ಏನ್ ಕಾಣ್ಸುತ್ತೆ ಸಾರ್? ಬರೀ ಮರಳು. ನಮ್ಮಕ್ಕ ದಡ ಬಿಟ್ಟು ನಾಲ್ಕು ಮಾರು ಹೋಗಲ್ಲ. ಚಾದರ ನೆನೆಯುತ್ತೆ ಅಂತ ಭಯ."

ಅಕ್ಕಪಕ್ಕದವರು ನಕ್ಕರು. ಮಾತು ಮುಳ್ಳಿನ ಹಾಗೆ ಅವಳೊಳಗೇ ಉಳಿಯಿತು.

ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಅವಳ ದೋಣಿ ಹತ್ತಿದ್ದು ಮೂರೇ ಜನ. ಒಬ್ಬ ತಾಯಿ, ಅವಳ ಇಬ್ಬರು ಗಂಡುಮಕ್ಕಳು. ತಾಯಿ ಮೈತುಂಬಿದ ಹೆಂಗಸು, ಮಂಡಿನೋವು. ದೋಣಿ ಹತ್ತುವಾಗ ಚಾದರದಕ್ಕನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು, "ಬೇಜಾರು ಮಾಡ್ಕೋಬೇಡ ತಾಯಿ, ನಿನ್ನ ದೋಣಿ ಒಂದು ಕಡೆ ವಾಲಿದ್ರೆ ಅದು ನಂದೇ ತಪ್ಪು" ಎಂದು ನಕ್ಕಳು. ದೊಡ್ಡ ಮಗ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಮುಂಭಾಗದಲ್ಲಿ ಕೂತ. ಚಿಕ್ಕವನು ಹಿಂಭಾಗಕ್ಕೆ ಹೋಗಿ ಕೂತ. ಇಬ್ಬರ ನಡುವೆ ತಾಯಿ.

ಎಂಜಿನ್ ಸದ್ದಿನ ಮರೆಯಲ್ಲಿ ಆಕೆ ಚಾದರದಕ್ಕನಿಗೆ ಹೇಳಿದಳು: "ಇವರಪ್ಪ ಹೋದಾಗಿನಿಂದ ಇಬ್ಬರಿಗೂ ಮಾತಿಲ್ಲ. ಕೊನೇ ಗಳಿಗೇಲಿ ಒಬ್ಬ ಬರಲಿಲ್ಲ ಅಂತ ಇನ್ನೊಬ್ಬನಿಗೆ ಕೋಪ, ಹಾಗಂದ ಅಂತ ಬರದೇ ಇದ್ದವನಿಗೆ ಕೋಪ. ಅಮ್ಮನಿಗೆ ಸಮುದ್ರ ತೋರಿಸ್ತೀವಿ ಅಂದ್ರು. ನನಗ್ಯಾಕೆ ಸಮುದ್ರ? ಇಬ್ರೂ ಒಂದೇ ದೋಣೀಲಿ ಕೂತ್ರೆ ಸಾಕಿತ್ತು."

ಕೂತದ್ದೇನೋ ನಿಜ, ಎಣ್ಣೆ ಸೀಗೆಕಾಯಿಯ ಹಾಗೆ. ಒಬ್ಬ ನೀರಿನ ಬಾಟಲಿ ಕೇಳಬೇಕಾದರೂ "ಅಮ್ಮಾ, ಅವನ ಹತ್ರ ಇದೆಯಲ್ಲ, ಕೊಡೋಕೆ ಹೇಳು" ಎನ್ನುತ್ತಿದ್ದ. ಆ ತುದಿಯಲ್ಲಿದ್ದವನಿಗೆ ಅದು ಕೇಳಿಸಿದರೂ ತಾಯಿ ಮತ್ತೊಮ್ಮೆ ಹೇಳುವ ತನಕ ಕದಲುತ್ತಿರಲಿಲ್ಲ.

ಒಳಗಡಲು ಆ ಹೊತ್ತು ಕನ್ನಡಿಯಂತಿತ್ತು. ಗಾಜಿನಡಿಯಲ್ಲಿ ಹಳದಿ ಪಟ್ಟೆಯ ಮೀನುಗಳು ಹಿಂಡುಹಿಂಡಾಗಿ ತಿರುಗಿದವು. ನೇರಳೆ ಬಣ್ಣದ ಹವಳ ಹೂಕೋಸಿನಂತೆ ಬಿರಿದಿತ್ತು. ಮೆತ್ತನೆಯ ಕರಿ ಸೌತೆಕಾಯಿಯಂಥ ಒಂದು ಜೀವಿ ಮರಳಲ್ಲಿ ಬಿದ್ದುಕೊಂಡಿತ್ತು. ತಾಯಿ ಬಗ್ಗಿ ನೋಡುತ್ತ ಪ್ರತಿಯೊಂದಕ್ಕೂ "ಅಯ್ಯೋ, ಇದ್ಯಾರು?" ಎಂದು ಕೇಳಿದಳು, ಪರಿಚಯ ಮಾಡಿಕೊಳ್ಳುವವಳ ಹಾಗೆ.

"ಆಮೆ ಎಲ್ರೀ?" ದೊಡ್ಡವನು ಕೇಳಿದ. "ಬೆಳಿಗ್ಗೆ ದೀಪಸ್ತಂಭ ಆಯ್ತು, ಹಕ್ಕಿಬಂಡೆ ಆಯ್ತು. ಸಂಜೆ ಸೂರ್ಯ ಮುಳುಗೋದಿದೆ. ಆಮೆ ಒಂದು ನೋಡ್ಬಿಟ್ರೆ ಮುಗೀತು."

"ಆಮೆ ಇರೋದು ಹುಲ್ಲಿನ ಕಡೆ ಸಾರ್. ದಿಬ್ಬದ ಬಾಯಿ ಹತ್ರ. ಈಗ ನೀರು ತುಂಬ ಇಳಿದಿದೆ, ಬಂಡೆ ತಗಲುತ್ತೆ."

"ಸರಿ ಬಿಡಿ. ಆ ಟೋಪಿಯವರು ಬೆಳಿಗ್ಗೇನೇ ಹೇಳಿದ್ರು, ಬರೀ ಮರಳು ತೋರಿಸ್ತಾರೆ ಅಂತ."

ಹಿಂದಿನಿಂದ ಚಿಕ್ಕವನು, "ಅಮ್ಮಾ, ಬೇಡ ಅಂದ್ರೆ ಬೇಡ. ಹಟ ಯಾಕಂತೆ ಕೇಳು" ಎಂದ. ತಾಯಿ ಇಬ್ಬರ ಮುಖವನ್ನೂ ನೋಡಿದಳು. ಅವಳ ಮುಖದಲ್ಲಿ ಅಲ್ಲಿಯವರೆಗೆ ಇದ್ದ ಬೆಳಕು ಆರಿಹೋಯಿತು. ಅದನ್ನು ನೋಡಿಯೋ, ಕಪ್ತಾನನ ಮುಳ್ಳು ಮತ್ತೆ ಆಡಿದ್ದಕ್ಕೋ, ಚಾದರದಕ್ಕ ದೋಣಿಯ ಮೂತಿಯನ್ನು ಹುಲ್ಲಿನ ಕಡೆಗೆ ತಿರುಗಿಸಿದಳು. ತಿರುಗಿಸುವಾಗಲೇ ಅವಳಿಗೆ ಗೊತ್ತಿತ್ತು, ಇದು ಸರಿಯಲ್ಲ ಎಂದು.

ಆಮೆ ಸಿಕ್ಕಿತು. ಊಟದ ಮೇಜಿನಷ್ಟು ದೊಡ್ಡದು, ಗಾಜಿನ ಕೆಳಗೇ ಅವಸರವಿಲ್ಲದೆ ಹುಲ್ಲು ಮೇಯುತ್ತಿತ್ತು. ಒಮ್ಮೆ ಕತ್ತೆತ್ತಿ ನೋಡಿತು. ತಾಯಿ ಬಾಯಿಗೆ ಕೈ ಹಿಡಿದು ಮಗುವಿನಂತೆ ನಕ್ಕಳು. ದೊಡ್ಡವನು ಫೋಟೋ ತೆಗೆಯುವುದನ್ನೂ ಮರೆತ.

ಹಿಂದಕ್ಕೆ ತಿರುಗುವಾಗ ಅನಾಹುತವಾಯಿತು. ಕೆಳಗೆ ಕರ್ರನೆ ಉಜ್ಜಿದ ಸದ್ದು, ನೀರಿನೊಳಗೆ ತಿರುಗುವ ಎಂಜಿನ್ನಿನ ಫ್ಯಾನು ಬಂಡೆಗೆ ಬಡಿದು ಎಂಜಿನ್ ಕೆಮ್ಮಿ ನಿಂತಿತು. ಅದರ ಬೆನ್ನಿಗೇ ಇನ್ನೊಂದು ಸದ್ದು, ಸಣ್ಣದು, ಬಿಸಿ ಲೋಟಕ್ಕೆ ತಣ್ಣೀರು ಬಿದ್ದಂತೆ. ಗಾಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿಳಿಯ ಗೆರೆ ಓಡಿತು. ನಾಲ್ವರೂ ಅದನ್ನೇ ನೋಡುತ್ತಿದ್ದರು. ಮೊದಲು ನೂಲಿನಷ್ಟು ನೀರು. ಆಮೇಲೆ ಅಂಗೈಯಗಲದ ಒಂದು ಚೂರು ಟಪ್ಪನೆ ಎದ್ದು, ತೋಳುದಪ್ಪದ ನೀರು ಬುಗ್ಗೆಯಾಗಿ ಉಕ್ಕಿತು.

ದೊಡ್ಡವನು ಎದ್ದು ನಿಂತು ಕಿರುಚಿದ. ದೋಣಿ ವಾಲಿತು.

"ಕೂತ್ಕೊಳ್ರೀ!" ಚಾದರದಕ್ಕನ ಬಾಯಿಂದ ಅಷ್ಟು ದೊಡ್ಡ ಧ್ವನಿ ಹೊರಟದ್ದು ಅವಳಿಗೇ ಆಶ್ಚರ್ಯ. "ಎದ್ರೆ ಎಲ್ರೂ ಹೋಗ್ತೀವಿ! ಲೈಫ್ ಜಾಕೆಟ್ ಬಿಗಿಯಾಗಿ ಕಟ್ಕೊಳ್ಳಿ."

ಕೂರುವ ಹಲಗೆಯ ಮೇಲಿದ್ದ ದಪ್ಪ ಮೆತ್ತೆಯನ್ನು ಕಿತ್ತು ತೂತಿನ ಮೇಲೆ ಒತ್ತಿದಳು. ನೀರು ಅದನ್ನು ಎತ್ತಿ ಒಗೆಯಿತು. ಮತ್ತೆ ಒತ್ತಿದಳು. ಕೈ ಬಿಟ್ಟರೆ ದೋಣಿ ನಡೆಸುವವರಿಲ್ಲ, ಬಿಡದಿದ್ದರೆ ದೋಣಿ ಇಲ್ಲೇ ಕೂರುತ್ತದೆ.

"ಪಕ್ಕಕ್ಕೆ ಸರಿ ತಾಯಿ, ನಾನು ಕೂರ್ತೀನಿ" ಎಂದಳು ಪ್ರವಾಸಿ ತಾಯಿ. ಇನ್ನೊಂದು ಮೆತ್ತೆಯನ್ನೂ ಮೇಲೆ ಹಾಕಿಸಿ, ಮಂಡಿನೋವಿಗೆ ಹಲ್ಲುಕಚ್ಚಿ, ತೂತಿನ ಮೇಲೆ ಕುಕ್ಕರಿಸಿಬಿಟ್ಟಳು. ಬುಗ್ಗೆ ಅಡಗಿತು. ಸುತ್ತಲಿಂದ ಮಾತ್ರ ಜಿನುಗತೊಡಗಿತು. "ಡಾಕ್ಟ್ರು ತೂಕ ಇಳಿಸು, ತೂಕ ಇಳಿಸು ಅಂತಿದ್ರು. ಇಳಿಸದೇ ಇದ್ದದ್ದು ಒಳ್ಳೇದಾಯ್ತು ನೋಡು." ನಗಲು ಹೋದಳು. ಆಗಲಿಲ್ಲ.

ಚಿಕ್ಕವನು ಕೇಳದೆಯೇ ಬಕೆಟ್ ಎತ್ತಿ ನೀರು ಹೊರಹಾಕತೊಡಗಿದ. ಎಂಜಿನ್ ಮತ್ತೆ ಹೊತ್ತಿಕೊಂಡಿತು, ಆದರೆ ದೋಣಿ ಕದಲಲಿಲ್ಲ. ಫ್ಯಾನು ಮುರಿದಿತ್ತು. ಮೊಬೈಲಿಗೆ ಆ ಕಡೆ ಸಿಗ್ನಲ್ ಇಲ್ಲ. ಜೆಟ್ಟಿಗೂ ಅವರಿಗೂ ನಡುವೆ ತೆಂಗಿನ ಮರಗಳ ಭೂಶಿರ ಅಡ್ಡ ನಿಂತಿತ್ತು. ಯಾರ ಕಣ್ಣಿಗೂ ಬೀಳುವಂತಿಲ್ಲ. ಹತ್ತಿರ ಇದ್ದದ್ದು ಮರಳದಿಣ್ಣೆ ಒಂದೇ. ಅವಳು ಉದ್ದನೆಯ ಗಳ ಊರಿ ಊರಿ ದೋಣಿಯನ್ನು ಅತ್ತ ತಳ್ಳಿದಳು. ಹೆಗಲು ಕಳಚಿಬೀಳುವಂತಾಗಿತ್ತು. ದೋಣಿಯ ಹೊಟ್ಟೆ ಮರಳಿಗೆ ತಾಗಿತು. ದೊಡ್ಡವನು ಇಳಿದು ಮರಳಿನ ಮೇಲೆ ಅಂಗಾತ ಬಿದ್ದುಕೊಂಡ.

ಎಲ್ಲರೂ ಫೋಟೋಗೆಂದು ದುಡ್ಡು ಕೊಟ್ಟು ಬರುವ ಜಾಗ ಅದು. ಹಾಲಿನಂಥ ಮರಳು, ಸುತ್ತ ನೀಲಿ. ಚಾದರದಕ್ಕ ಅದನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ದಿಣ್ಣೆಯ ಅಂಚನ್ನು. ತಮ್ಮ ಕಾಲಿನ ಗುರುತುಗಳಲ್ಲಿ ಮೊದಲನೆಯವು ಆಗಲೇ ಅಳಿಸಿದ್ದವು. ನೀರು ಏರುತ್ತಿತ್ತು.

"ಎಷ್ಟು ಹೊತ್ತು ಇರುತ್ತೆ ಈ ಮರಳು?" ಚಿಕ್ಕವನು ಮೆಲ್ಲಗೆ ಕೇಳಿದ, ತಾಯಿಗೆ ಕೇಳಿಸದಂತೆ.

ಅವಳು ಸುಳ್ಳು ಹೇಳಬಹುದಿತ್ತು. "ಸೂರ್ಯ ಮುಳುಗೋಕೆ ಮೊದಲೇ ಹೋಗುತ್ತೆ ಸಾರ್. ಕುತ್ತಿಗೆಮಟ್ಟ ನೀರು ಬರುತ್ತೆ. ದಿಬ್ಬದ ಮೇಲಿಂದ ಅಲೆ ಹಾರಿ ಬರೋಕೆ ಶುರುವಾದ್ರೆ ಇನ್ನೂ ಕಷ್ಟ."

"ಯಾರಾದ್ರೂ ಹುಡುಕ್ಕೊಂಡು ಬರ್ತಾರಾ?"

"ಬರಬೇಕು" ಎಂದಳು. ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ ಎಂಬುದನ್ನು ಹೇಳಲು ನಾಲಿಗೆ ಏಳಲಿಲ್ಲ.

ದೋಣಿಯ ಮೇಲೆ ನೆರಳಿಗೆಂದು ಕಟ್ಟಿದ್ದ ಟಾರ್ಪಾಲು ಇತ್ತು. ಒಮ್ಮೆ ಗಂಡ ಹೇಳಿದ್ದು ಅವಳಿಗೆ ನೆನಪಾಯಿತು: ದೋಣಿ ತೂತಾದರೆ ಒಳಗಿಂದ ಮುಚ್ಚಬಾರದು, ಹೊರಗಿಂದ ಮುಚ್ಚಬೇಕು, ಆಗ ನೀರೇ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಟಾರ್ಪಾಲು ಬಿಚ್ಚಿ, ನಾಲ್ಕು ಮೂಲೆಗೂ ಹಗ್ಗ ಕಟ್ಟಿದಳು. ಏರುವ ನೀರು ದೋಣಿಯನ್ನು ಸ್ವಲ್ಪ ಎತ್ತುವವರೆಗೆ ಕಾಯಬೇಕಿತ್ತು. ಎತ್ತಿದ ಕೂಡಲೇ ಅಕ್ಕಪಕ್ಕ ಇಬ್ಬರು ನಿಂತು ಟಾರ್ಪಾಲನ್ನು ದೋಣಿಯ ಮೂತಿಯ ಕೆಳಗಿಂದ ಹಿಂದಕ್ಕೆ ಎಳೆಯಬೇಕು, ಇಬ್ಬರೂ ಒಂದೇ ಸಮ.

ನೀರು ಮೀನಖಂಡಕ್ಕೆ ಬಂತು. ದೋಣಿ ಮಿಸುಕಿತು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ಎಳೆದರು. ಟಾರ್ಪಾಲು ಓರೆಯಾಗಿ ಮಡಚಿಕೊಂಡಿತು.

"ಅಮ್ಮಾ, ಅವನಿಗೆ ನಿಧಾನವಾಗಿ ಎಳೆಯೋಕೆ ಹೇಳು!"

"ಮೊದಲು ಅವನಿಗೆ ಬೇಗ ಎಳೆಯೋಕೆ ಹೇಳಮ್ಮಾ!"

ಎರಡನೆಯ ಸಲವೂ ಅದೇ. ನೀರು ಮಂಡಿಗೆ ಬಂದಿತ್ತು. ತಾಯಿ ದೋಣಿಯೊಳಗೆ ತನ್ನ ಮೆತ್ತೆಯ ಮೇಲೆ ಕೂತಿದ್ದವಳು ಎರಡೂ ಕೈಯಿಂದ ಅಂಚನ್ನು ಹಿಡಿದು ಬಗ್ಗಿದಳು. ಅವಳ ಧ್ವನಿ ಜೋರಾಗಿರಲಿಲ್ಲ. "ಇವತ್ತು ನಾನು ಇಲ್ಲೇ ಮುಳುಗಿಹೋದ್ರೆ ನಾಳೆ ಯಾರ ಕೈಲಿ ಹೇಳಿಸ್ತೀರ್ರೋ? ನನ್ನ ಸಾವಿನ ಸುದ್ದೀನಾದ್ರೂ ಒಬ್ಬರಿಗೊಬ್ಬರು ಹೇಳ್ತೀರಾ, ಅದಕ್ಕೂ ಜನ ಹುಡುಕ್ತೀರಾ?"

ದೊಡ್ಡವನು ಮಡಚಿದ ಟಾರ್ಪಾಲನ್ನು ಬಿಡಿಸಿ, ದೋಣಿಯಾಚೆಗೆ ಕೇಳಿಸುವಂತೆ, "ನಾನು ಹೂಂ ಅಂದಾಗ ಎಳಿ" ಎಂದ. "ಹೂಂ" ಎಂದ. ಟಾರ್ಪಾಲು ನೆಟ್ಟಗೆ ಸರಿಯಿತು. ಚಾದರದಕ್ಕ ಹಗ್ಗಗಳನ್ನು ದೋಣಿಯ ಅಂಚಿಗೆ ಬಿಗಿದಳು. ತೂತಿನಿಂದ ಬರುವ ನೀರು ಪೂರ್ತಿ ನಿಲ್ಲಲಿಲ್ಲ. ಬಕೆಟ್ಟಿಗೆ ಬಗ್ಗುವಷ್ಟಾಯಿತು, ಅಷ್ಟೆ.

ಈಗ ದೋಣಿ ತೇಲುತ್ತಿತ್ತು, ಆದರೆ ಎಲ್ಲಿಗೆ ಹೋಗುವುದು? ನಡುವಿನ ನೀರಲ್ಲಿ ಗಳಕ್ಕೆ ತಳ ಸಿಗದು. ಗಾಳಿ ದಿಬ್ಬದ ಬಾಯಿಯ ಕಡೆಗೆ ಬೀಸುತ್ತಿತ್ತು. ಬಿಟ್ಟರೆ ದೊಡ್ಡ ಕಡಲಿಗೇ. ಲಂಗರು ಹಾಕಿ ಅಲ್ಲೇ ನಿಲ್ಲುವುದೆಂದು ಅವಳು ನಿರ್ಧರಿಸಿ, ಯಾರಿಗಾದರೂ ಕಾಣಲೆಂದು ತಾಯಿಯ ಕೆಂಪು ಶಾಲನ್ನು ಗಳದ ತುದಿಗೆ ಕಟ್ಟಿ ಎತ್ತಿ ನಿಲ್ಲಿಸಿದಳು.

ದೊಡ್ಡವನಿಗೆ ಸಹನೆ ತಪ್ಪಿತು. "ಸುಮ್ನೆ ಕಾಯೋದಾ? ನಾನು ದಿನಾ ಈಜ್ತೀನಿ. ಆ ತೆಂಗಿನಮರ ಕಾಣ್ತಿದೆಯಲ್ಲ, ಅಲ್ಲಿಗೆ ಹೋಗಿ ಜನ ಕರ್ಕೊಂಡು ಬರ್ತೀನಿ."

"ಬೇಡ ಸಾರ್. ನೋಡೋಕೆ ಹತ್ತಿರ, ನೀರು ಅಡ್ಡ ಎಳೆಯುತ್ತೆ."

ಅವನು ಚಪ್ಪಲಿ ಕಳಚಿ ಕಾಲು ಹೊರಗೆ ಹಾಕಿಯೇಬಿಟ್ಟ. ತಮ್ಮ ಬಕೆಟ್ ಎಸೆದು ಹಿಂದಿನಿಂದ ಅವನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದ. "ಹೋಗ್ಬೇಡ." ಅಣ್ಣ ಕೊಸರಿಕೊಂಡ. ತಮ್ಮ ಬಿಡಲಿಲ್ಲ. "ಹೋಗ್ಬೇಡ ಅಂದ್ನಲ್ಲ." ಇಬ್ಬರೂ ಹಾಗೇ ಜಗ್ಗಾಡುತ್ತ ಏದುಸಿರು ಬಿಟ್ಟರು. ಕೊನೆಗೆ ಅಣ್ಣ ಕಾಲು ಒಳಗೆಳೆದುಕೊಂಡು, ಬಕೆಟ್ ತಾನೇ ಎತ್ತಿಕೊಂಡ.

ದಿಣ್ಣೆ ಕಣ್ಣಿಗೆ ಕಾಣದಾಯಿತು. ದಿಬ್ಬದ ಮೇಲಿಂದ ಮೊದಲ ಅಲೆ ಹಾರಿ ಬಂದು ದೋಣಿಯನ್ನು ಕುಲುಕಿತು. ಲಂಗರು ಸಡಿಲ ಮರಳಲ್ಲಿ ನಿಲ್ಲದೆ ಜಾರತೊಡಗಿತು. ದೋಣಿ ಮೆಲ್ಲಗೆ, ಯಾರಿಗೂ ಗೊತ್ತಾಗದಷ್ಟು ಮೆಲ್ಲಗೆ, ಬಾಯಿಯ ಕಡೆ ಸರಿಯುತ್ತಿತ್ತು. ಚಾದರದಕ್ಕನಿಗೆ ಗೊತ್ತಾಯಿತು. ಅವಳು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗಿಳಿದಳು. ಹೊಟ್ಟೆಮಟ್ಟ ನೀರು. ಕಾಲಲ್ಲಿ ಲಂಗರನ್ನು ಹುಡುಕಿ, ಅದರ ಮೇಲೆ ಹತ್ತಿ ನಿಂತು, ಮರಳಿಗೆ ತುಳಿದಳು. ಅವಳು ಮೇಲಿರುವವರೆಗೆ ಅದು ಜಾರಲಿಲ್ಲ.

"ಮೇಲೆ ಬಾ ತಾಯಿ, ಸಾಕು" ಎಂದು ಪ್ರವಾಸಿ ತಾಯಿ ಕರೆದಳು.

"ನೀವು ತೂತಿನ ಮೇಲೆ ಕೂತ್ಕೊಳ್ಳಿ ಅಮ್ಮಾ, ನಾನು ಲಂಗರಿನ ಮೇಲೆ ನಿಂತ್ಕೋತೀನಿ" ಎಂದಳು ಚಾದರದಕ್ಕ. ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು.

ಅತ್ತ ಜೆಟ್ಟಿಯಲ್ಲಿ ಮುಳುಗಣ್ಣ ಬಾದಾಮಿ ಮರದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ದೋಣಿಗಳೆಲ್ಲ ಒಂದೊಂದಾಗಿ ಬಂದು ಕಟ್ಟಿಕೊಂಡವು. ಹೆಂಡತಿಯ ದೋಣಿಯ ಗೂಟ ಖಾಲಿ. ಅವನು ನೀರು ನೋಡಿದ, ಎಷ್ಟು ಏರಿದೆ ಎಂದು. ಕೋಲೂರಿಕೊಂಡು, ಎರಡು ಸಲ ಎಡವಿ, ಕಪ್ತಾನನ ಮುಂದೆ ಹೋಗಿ ನಿಂತ.

"ನನ್ನ ಹೆಂಡ್ತಿ ಬಂದಿಲ್ಲ!"

ಕಪ್ತಾನ ಏನೋ ಹೇಳಿದ, ಬರುತ್ತಾಳೆ ಎಂದಿರಬೇಕು. ಮುಳುಗಣ್ಣನಿಗೆ ಕೇಳಲಿಲ್ಲ. ಅವನು ಕಪ್ತಾನನ ಅಂಗಿ ಹಿಡಿದ. "ಹುಲ್ಲಿನ ಹತ್ರ ಹೋಗಿದ್ದಾಳೆ. ಆಮೆ ತೋರಿಸೋಕೆ. ಬೆಳಿಗ್ಗೆ ನೀನು ಏನೋ ಅಂದೆ, ಅವಳ ಮುಖ ನೋಡ್ದೆ ನಾನು. ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ದೋಣಿ ಬಿಚ್ಚು!"

ಕಪ್ತಾನನ ಮುಖ ಬಿಳಿಚಿತು. ಅವನು ದೋಣಿಯ ಹಗ್ಗ ಬಿಚ್ಚಿದ. ಮುಳುಗಣ್ಣ ಕೋಲು ಬಿಸುಟು ದೋಣಿಗೆ ಕಾಲಿಟ್ಟವನು ಅಲ್ಲೇ ಬೋರಲು ಬಿದ್ದ. ಕಪ್ತಾನ ಇಳಿಯೆಂದು ಕೈಸನ್ನೆ ಮಾಡಿದ. ಅವನು ತಲೆ ಅಲ್ಲಾಡಿಸಿ, ತೆವಳಿಕೊಂಡು ದೋಣಿಯ ಮೂತಿಗೆ ಹೋಗಿ ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ನೀರಿನ ಮೇಲೆ ಚಾಚಿದ.

ಭೂಶಿರ ಸುತ್ತಿ ಬಂದಾಗ ಬಿಸಿಲು ಓರೆಯಾಗಿತ್ತು. ದೂರದಲ್ಲಿ ಗಳದ ತುದಿಗೆ ಕಟ್ಟಿದ ಕೆಂಪು ಶಾಲು ಕಂಡಿತು. ಅದರ ಕೆಳಗೆ ಅರ್ಧ ಕುಸಿದ ದೋಣಿ, ದೋಣಿಯ ಮುಂದೆ ನೀರಿನ ಮೇಲೆ ಒಂದು ತಲೆ ಮಾತ್ರ. ಕಪ್ತಾನ ಎಂಜಿನ್ ಜೋರು ಮಾಡಿದ. ಮುಳುಗಣ್ಣ ತಿರುಗಿ ಅವನ ಮೇಲೆ ಅರಚಿದ: "ಮೆಲ್ಲಗೆ! ಮೆಲ್ಲಗೆ ಬಾ! ಬಂಡೆ!"

ದಿಣ್ಣೆಯ ಸುತ್ತ ಹವಳದ ಬಂಡೆಗಳು ನೀರಿನಡಿ ಹಲ್ಲು ಮಸೆದು ನಿಂತಿದ್ದವು. ಕಪ್ತಾನನ ದೋಣಿ ಭಾರದ್ದು, ಒಂದು ಪೆಟ್ಟು ಬಿದ್ದರೆ ಅದೂ ಅಷ್ಟೆ. ಮುಳುಗಣ್ಣ ಮಲಗಿದಲ್ಲಿಂದಲೇ ಎಡಗೈ ಬೀಸಿದ, ಬಲಗೈ ಬೀಸಿದ, ಅಂಗೈ ತೋರಿಸಿ ನಿಲ್ಲಿಸಿದ. ನಡುನಡುವೆ ವಾಂತಿ. ಬಾಯಿ ಒರೆಸಿಕೊಂಡು ಮತ್ತೆ ಕೈ ಎತ್ತುತ್ತಿದ್ದ. ಕಪ್ತಾನ ಆ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ಕಡೆ ತಳಕ್ಕೆ ಬಂಡೆ ಸವರಿತು. ದೋಣಿ ದಾಟಿತು.

ಚಾದರದಕ್ಕನ ಗಲ್ಲಕ್ಕೆ ನೀರು ಬಂದಿತ್ತು. ಅಲೆ ಬಂದಾಗಲೆಲ್ಲ ಕಣ್ಣು ಮುಚ್ಚಿ, ಉಸಿರು ಬಿಗಿದು, ಹೋದ ಮೇಲೆ ಬಿಡುತ್ತಿದ್ದಳು. ಹಾಗೊಮ್ಮೆ ಕಣ್ಣು ಬಿಟ್ಟಾಗ ಎದುರಿಗೆ ಗಂಡನ ಮುಖ ಕಂಡಿತು, ತಲೆಕೆಳಗಾಗಿ, ಸುಣ್ಣದಂತೆ ಬಿಳಿಚಿಕೊಂಡು. ಸತ್ತೇಹೋದೆನೇನೋ, ಅದಕ್ಕೇ ಇವರು ದೋಣಿಯಲ್ಲಿದ್ದಾರೆ ಎಂದು ಒಂದು ಗಳಿಗೆ ಅವಳಿಗನ್ನಿಸಿತಂತೆ.

"ಕೈ ಕೊಡೇ!" ಎಂದ ಅವನು.

"ಮೊದಲು ಅವರನ್ನ ಇಳಿಸ್ಕೊಳ್ಳಿ" ಎಂದಳು. ಅವನಿಗೆ ಕೇಳಿಸದು ಎಂಬುದು ಮರೆತಿತ್ತು. ಆದರೂ ಅವನು ಅವಳ ತುಟಿ ನೋಡಿ ಕಪ್ತಾನನಿಗೆ ಸನ್ನೆ ಮಾಡಿದ. ಅಣ್ಣ ತಮ್ಮ ಇಬ್ಬರೂ ತಾಯಿಯ ಎರಡು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಆಕೆ ಎದ್ದ ಕೂಡಲೇ ಮೆತ್ತೆ ಹಾರಿ ನೀರು ನುಗ್ಗಿತು. ಎಲ್ಲರೂ ಆಚೆ ದೋಣಿಗೆ ಬಂದ ಮೇಲೆಯೇ ಚಾದರದಕ್ಕ ಲಂಗರಿನಿಂದ ಕಾಲು ತೆಗೆದದ್ದು. ಮುಳುಗಣ್ಣ ಅವಳ ಎರಡೂ ಮಣಿಕಟ್ಟು ಹಿಡಿದು ಎಳೆದ. ಎಳೆದವನು ಬಿಡಲಿಲ್ಲ, ದಡ ಸೇರುವ ತನಕ.

ಜೆಟ್ಟಿಯಲ್ಲಿ ಜನ ಸೇರಿದ್ದರು. ಕಂಬಳಿ ಬಂತು, ಬಿಸಿ ಚಹಾ ಬಂತು. ತಾಯಿ ಕೂತಲ್ಲಿಂದ ಏಳಲಾರದೆ ಚಾದರದಕ್ಕನನ್ನು ಹತ್ತಿರ ಕರೆದು ತಲೆ ಸವರಿದಳು. ಚಾದರದಕ್ಕ ಕೈಮುಗಿದಳು. "ತಪ್ಪು ನಂದು ಅಮ್ಮಾ. ಹೋಗಬಾರದಿತ್ತು. ನೀರಿಲ್ಲ ಅಂತ ಗೊತ್ತಿದ್ದೂ ಹೋದೆ."

"ತಪ್ಪು ನಿಂದೇ" ಎಂದಳು ತಾಯಿ. "ಇಲ್ಲ ಅನ್ನಲ್ಲ. ಹಟ ನನ್ನ ಮಗನದು, ಅದನ್ನೂ ಇಲ್ಲ ಅನ್ನಲ್ಲ. ಈಗ ಚಹಾ ಕುಡಿ."

ಮಕ್ಕಳಿಬ್ಬರೂ ಒಂದೇ ಕಂಬಳಿ ಹೊದ್ದು ಕೂತಿದ್ದರು. ಎರಡನೆಯದು ಇರಲಿಲ್ಲ, ಅದಕ್ಕೆ. ದೊಡ್ಡ ಮಾತುಕತೆಯೇನೂ ನಡೆದಂತೆ ಕಾಣಲಿಲ್ಲ. ಹೊರಡುವಾಗ ಚಿಕ್ಕವನು "ರೂಮಿನ ಬೀಗದ ಕೈ ನಿನ್ನ ಹತ್ರಾನಾ?" ಎಂದು ಕೇಳಿದ. ದೊಡ್ಡವನು ಜೇಬು ತಡವಿ, "ಹೂಂ" ಎಂದ. ತಾಯಿ ಅದನ್ನು ಕೇಳಿಸಿಕೊಂಡು ಬೇರೆ ಕಡೆ ಮುಖ ತಿರುಗಿಸಿದಳು.

ಮನೆಗೆ ಬಂದ ಮೇಲೆ ಚಾದರದಕ್ಕ ನೀರು ಕಾಯಿಸಿ ಗಂಡನಿಗೆ ಅಂಗಳದ ಕಲ್ಲಿನ ಮೇಲೆ ಸ್ನಾನ ಮಾಡಿಸಿದಳು. ಅವನಿಗಿನ್ನೂ ನೆಲ ತಿರುಗುತ್ತಿತ್ತು. ಅವನು ತಲೆಯ ಮೇಲೆ ಮೊದಲ ತಂಬಿಗೆ ನೀರು ಬಿದ್ದದ್ದೇ ಶುರು ಮಾಡಿದ. ಬುದ್ಧಿ ಇದೆಯಾ ನಿನಗೆ, ನೀರು ಇಳಿದಾಗ ಅಲ್ಲಿಗೆ ಕತ್ತೆಯೂ ಹೋಗಲ್ಲ, ಆ ಟೋಪಿಯವನ ಮಾತಿಗೆ ಜೀವ ಕೊಡೋಕೆ ಹೋಗಿದ್ಯಾ ಎಂದು ಬೀದಿಗೆಲ್ಲ ಕೇಳುವಂತೆ ಬೈದ. ಅವಳು ಉಜ್ಜುತ್ತಲೇ ಇದ್ದಳು. "ನಿನಗೇನಾದ್ರೂ ಆಗಿದ್ರೆ ನಾನು ಯಾರ ಹತ್ರ ಜಗಳ ಆಡ್ಲಿ? ಬೇರೆಯವರು ಮಾತಾಡೋದು ನಂಗೆ ಅರ್ಥಾನೇ ಆಗಲ್ಲ!" ಎಂದು ಕೂಗಿದಾಗ ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ನಕ್ಕರು. ಚಾದರದಕ್ಕ ತಂಬಿಗೆ ಕೆಳಗಿಟ್ಟು, ಒದ್ದೆ ಕಲ್ಲಿನ ಮೇಲೆಯೇ ಕುಸಿದು ಕೂತು, ಆ ದಿನ ಮೊದಲ ಬಾರಿಗೆ ಅತ್ತಳು.

ದೋಣಿಯವರ ಸಂಘ ಅವಳ ಸರದಿಯನ್ನು ನಿಲ್ಲಿಸಿತು. ದೋಣಿ ಸರಿಯಾಗುವವರೆಗೆ ಜನರನ್ನು ಹತ್ತಿಸುವಂತಿಲ್ಲ. ಅವಳು ಎದುರಾಡಲಿಲ್ಲ. ಮಳೆಗಾಲ ಮುಗಿಯುವ ತನಕ ಮತ್ತೆ ಹೋಟೆಲಿನ ಹಿತ್ತಲಿಗೆ ಹೋಗಿ ಚಾದರ ಒಗೆದಳು. ಮರುದಿನ ಎಳೆದು ತಂದಿದ್ದ ದೋಣಿಯನ್ನು ಗಂಡ ದಂಡೆಯ ಮೇಲೆ ಮಗುಚಿ ಹೊಸ ಗಾಜು ಕೂರಿಸಿ, ಆಮೇಲೆ ಗಾಜಿನ ಸುತ್ತ ಒಳಗಡೆ ಸೊಂಟದೆತ್ತರದ ಮರದ ಪೆಟ್ಟಿಗೆ ಕಟ್ಟಿದ, ಗಾಜು ಒಡೆದರೂ ನೀರು ಆ ಪೆಟ್ಟಿಗೆಯಿಂದ ಆಚೆ ಬರದ ಹಾಗೆ. ಕಪ್ತಾನ ಹಲಗೆ ಹಿಡಿದು ನಿಲ್ಲಲು ಬರುತ್ತಿದ್ದ. ಕ್ಷಮಿಸು ಎಂದು ಅವನು ಯಾವತ್ತೂ ಹೇಳಲಿಲ್ಲ. ಹೇಳಿದ್ದರೂ ಮುಳುಗಣ್ಣನಿಗೆ ಕೇಳಿಸುತ್ತಿರಲಿಲ್ಲ ಎಂಬುದು ಅವನಿಗೆ ಅನುಕೂಲವೇ ಆಯಿತು.

ಮಳೆಗಾಲ ಕಳೆದು ದೋಣಿ ಮತ್ತೆ ನೀರಿಗಿಳಿಯಿತು. ಮೊದಲ ಸವಾರಿಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಹತ್ತಿತ್ತು. ಹುಡುಗಿಗೆ ನೀರೆಂದರೆ ಭಯ. ಅಂಚನ್ನು ಬಿಗಿಯಾಗಿ ಹಿಡಿದು, "ಅಕ್ಕಾ, ನಿಮಗೆ ಭಯ ಆಗಲ್ವಾ?" ಎಂದು ಕೇಳಿದಳು.

"ಆಗುತ್ತಮ್ಮ" ಎಂದಳು ಚಾದರದಕ್ಕ. ಎಂಜಿನ್ನಿನ ಹಗ್ಗ ಎಳೆದಳು. ಮೊದಲ ಸಲಕ್ಕೆ ಹೊತ್ತಲಿಲ್ಲ. ಎರಡನೆಯ ಸಲ ಹೊತ್ತಿಕೊಂಡಿತು.